ಹಗೇವಿನ ರಾಗಿ ಮತ್ತು ಗಂಟೆಯ ಕುರ್ಚಿ

ಸರ್ಕಾರದ ದುಡ್ಡು ಕೇಳಲು ಬಂದವರನ್ನು ಒಂದು ಕುರ್ಚಿಯ ಮೇಲೆ ಕೂರಿಸಿ, ಅವರು ಆಡುವ ಮಾತನ್ನು ಅವರೇ ನಂಬುತ್ತಾರೋ ಇಲ್ಲವೋ ಎಂದು ಅಳೆಯುವಂತಾದರೆ ಏನಾದೀತು? ಹಾಗೆಂದು ಯಾರೂ ಯೋಚಿಸಲಿಲ್ಲ. ನೇರವಾಗಿ ಟೆಂಡರ್ ಕರೆದರು.

ಕುರ್ಚಿಯ ಪೂರ್ತಿ ಹೆಸರು ‘ನಿಶ್ಚಯಮಾಪಕ ಪೀಠ’. ಮನುಷ್ಯ ತಾನೇ ನಂಬದ ಮಾತನ್ನು ಹೇಳಹೊರಟಾಗ, ನಾಲಿಗೆ ಹೊರಳುವುದಕ್ಕೆ ಅರೆಕ್ಷಣ ಮೊದಲು ಹಣೆಯ ಹಿಂದಿನ ಮಿದುಳಿನಲ್ಲಿ ಒಂದು ಸಣ್ಣ ಅಲೆ ಏಳುತ್ತದಂತೆ. ತಲೆ ಒರಗಿಸುವ ದಿಂಬಿನಲ್ಲಿ ಹುದುಗಿಸಿದ ಮುನ್ನೂರು ಸಂವೇದಕಗಳು ಆ ಅಲೆಯನ್ನು ಹಿಡಿಯುತ್ತವೆ. ಬಾಯಿಗೂ ಮನಸ್ಸಿಗೂ ಅಂತರ ಕಂಡರೆ ಕುರ್ಚಿಯ ಬೆನ್ನಿಗಿರುವ ಗಂಟೆ ಟಣ್ ಎನ್ನುತ್ತದೆ, ಇಲ್ಲವಾದರೆ ಹಸಿರು ದೀಪ ಹತ್ತುತ್ತದೆ. ಇಷ್ಟೇ ವಿಜ್ಞಾನ. ಮಿಕ್ಕಿದ್ದೆಲ್ಲ ನಿಯಮಾವಳಿ: ‘ಯುವ ಸಂಶೋಧಕ ನಿಧಿ’ಗೆ ಅರ್ಜಿ ಹಾಕಿದವರಿಗೆ ಹತ್ತು ಪ್ರಶ್ನೆ, ಒಂದು ಸಲ ಗಂಟೆ ಹೊಡೆದರೂ ಮನೆಗೆ.

ಮೊದಲ ವರ್ಷ ಬೆಂಗಳೂರಿನ ಆ ಕಚೇರಿಯ ಆಸುಪಾಸಿನವರು ಅದನ್ನು ದೇವಸ್ಥಾನವೆಂದೇ ತಿಳಿದಿದ್ದರಂತೆ, ಅಷ್ಟು ಗಂಟೆ. ಮೂರೇ ವರ್ಷದಲ್ಲಿ ಸೊಳ್ಳೆಗಳ ವಂಶ ಅಳಿಸುತ್ತೇನೆಂದವನಿಗೆ ಟಣ್, ಸಮುದ್ರದ ನೀರನ್ನು ಸಿಹಿ ಮಾಡುತ್ತೇನೆಂದವಳಿಗೆ ಟಣ್ ಟಣ್. ಆ ವರ್ಷ ಯಾರಿಗೂ ದುಡ್ಡು ಹೋಗಲಿಲ್ಲ, ಗಂಟೆಯನ್ನು ಮಾತ್ರ ಎರಡು ಸಲ ರಿಪೇರಿಗೆ ಕೊಟ್ಟರು. ಎರಡನೇ ವರ್ಷ ವಿಜಯನಗರದ ಕಡೆ ಸಂದೇಹ ಬಿಡಿಸುವ ಕೋಚಿಂಗ್ ಸೆಂಟರುಗಳು ಎದ್ದವು. ಮೂರನೇ ವರ್ಷದ ಹೊತ್ತಿಗೆ ನಮ್ಮ ವಿಜ್ಞಾನಿಗಳು ದಾರಿ ಕಂಡುಕೊಂಡಿದ್ದರು. ದಾರಿ ಎಂದರೆ ಹೊಸದೇನಲ್ಲ, ಹಿರಿಯರು ಮೊದಲಿನಿಂದಲೂ ಗುಟ್ಟಾಗಿ ನಡೆಸಿಕೊಂಡು ಬಂದದ್ದೇ.

ಆ ಗುಟ್ಟನ್ನು ಡಾಕ್ಟರ್ ಇಂದುಶ್ರೀಗೆ ಹೇಳಿಕೊಟ್ಟವರು ಅವಳ ಗುರುಗಳಾದ ಪ್ರೊಫೆಸರ್ ಮುರಿಗೆಪ್ಪ. ದಾವಣಗೆರೆ ಕಡೆಯ ಮನುಷ್ಯ, ಅರವತ್ತರ ಮೇಲೆ ಒಂದು ವರ್ಷ. ಮೂವತ್ತು ವರ್ಷದಲ್ಲಿ ಒಂದೇ ಒಂದು ಅರ್ಜಿಯೂ ತಿರಸ್ಕಾರವಾಗದ ದಾಖಲೆ ಅವರದು.

“ನೋಡವ್ವಾ, ಮಾಡಬೇಕು ಅಂದ್ಕೊಂಡಿರೋ ಕೆಲಸಕ್ಕೆ ಯಾವತ್ತೂ ದುಡ್ಡು ಕೇಳಬಾರ್ದು,” ಎಂದರು ಅವರು ಬಾಗಿಲು ಮುಂದೆ ಮಾಡಿ. “ಮಾಡಿ ಮುಗಿಸಿದ್ದಕ್ಕೆ ಕೇಳಬೇಕು. ಅಡುಗೆ ಮುಗಿಸಿ, ಕೈ ತೊಳಕೊಂಡು, ಆಮೇಲೆ ದಿನಸಿಗೆ ಚೀಟಿ ಬರಿಯೋದು. ‘ಮೂರು ವರ್ಷದಾಗೆ ಇಂಥದ್ದು ಸಿಗ್ತತಿ’ ಅಂತ ನೀನು ಹೇಳ್ತಿ. ಆಗ್ಲೇ ಸಿಕ್ಕೇತಲ್ಲ, ಅನುಮಾನ ಎಲ್ಲಿಂದ ಬರ್ಬೇಕು? ಕುರ್ಚಿ ಹಸಿರಿಗೆ ಹಸಿರು.”

“ಹಾಗಾದ್ರೆ ಬಂದ ದುಡ್ಡಲ್ಲಿ ಏನು ಮಾಡೋದು ಸರ್?”

“ಮುಂದಿನ ಅರ್ಜಿಗೆ ಬೇಕಾದ್ದನ್ನ ಮಾಡಿ ಮುಗಿಸೋದು.”

ಇಂದುಶ್ರೀಗೆ ನಗು ಬಂತು, ಆದರೆ ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಮೂವತ್ತೈದು ತುಂಬಲು ಎರಡೇ ತಿಂಗಳಿತ್ತು, ನಿಧಿಯ ವಯೋಮಿತಿಯೂ ಮೂವತ್ತೈದೇ. ಹಾಸನದ ಹತ್ತಿರದ ಆ ವಿಶ್ವವಿದ್ಯಾಲಯದಲ್ಲಿ ಅವಳದು ವರ್ಷ ವರ್ಷ ನವೀಕರಿಸುವ ಗುತ್ತಿಗೆಯ ಕೆಲಸ. ಈ ಸಲ ಪ್ರಾಜೆಕ್ಟ್ ತಂದರೆ ಸರಿ, ಇಲ್ಲವಾದರೆ ಮಾರ್ಚ್ ಮೂವತ್ತೊಂದಕ್ಕೆ ಲ್ಯಾಬಿನ ಬೀಗದ ಕೈ ಒಪ್ಪಿಸಿ ಎಂದು ಪತ್ರ ಬಂದಿತ್ತು. ಲ್ಯಾಬು ಎಂದರೂ ಒಂದು ಕಿಟಕಿ, ಎರಡು ಮೇಜು, ಒಂದು ಹಳೆಯ ಮೈಕ್ರೋಸ್ಕೋಪು. ಆದರೂ ಅದನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ.

ಅವಳ ವಿಷಯ ಹಗೇವು. ಹಿಂದಿನವರು ಊರ ನಡುವೆ ಬಾವಿಯಂತೆ ಗುಂಡಿ ತೋಡಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಡುತ್ತಿದ್ದರಲ್ಲ, ಅದು. ಒಳಗಿನ ಗಾಳಿ ಕೆಟ್ಟು ಹುಳ ಸಾಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅವಳನ್ನು ಕಾಡಿದ್ದು ಬೇರೆ: ಚನ್ನರಾಯಪಟ್ಟಣದ ಸುತ್ತ ಮನೆ ಕಟ್ಟಲು ಪಾಯ ತೋಡುವಾಗ ಸಿಕ್ಕ ಕೆಲವು ಹಳೆಯ ಹಗೇವುಗಳ ರಾಗಿ, ನಲವತ್ತು ವರ್ಷದ ಮೇಲೂ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ಒಡೆಯುತ್ತಿತ್ತು. ಯಾಕೆ? ಅದು ತಿಳಿದರೆ ಕರೆಂಟಿಲ್ಲದೆ, ಫ್ರಿಜ್ಜಿಲ್ಲದೆ ಬಿತ್ತನೆ ಬೀಜ ಕಾಪಾಡಬಹುದು.

ಆ ರಾಗಿ ತರಲು ಅವಳ ಜೊತೆ ಹೋಗುತ್ತಿದ್ದವರು ಅತ್ತೆ ಜವರಮ್ಮ. ಜವರಮ್ಮನಿಗೆ ಆ ಸೀಮೆಯ ಊರೂರಿನಲ್ಲೂ ನೆಂಟರು. “ನಮ್ಮ ಸೊಸೆ, ಡಾಕ್ಟ್ರು. ಸೂಜಿ ಹಾಕಾಕಿಲ್ಲ, ರಾಗಿ ನೋಡ್ತಳೆ,” ಎಂದು ಪರಿಚಯ ಮಾಡಿಸಿ, ಕಾಫಿ ಕುಡಿದು, ಚಪ್ಪಡಿ ಎತ್ತಿಸುತ್ತಿದ್ದರು. ಆದರೆ ತಮ್ಮ ಅಪ್ಪಣೆ ಇಲ್ಲದೆ ಯಾರನ್ನೂ ಒಳಕ್ಕೆ ಇಳಿಯಗೊಡುತ್ತಿರಲಿಲ್ಲ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಉರಿದರೆ ಗಾಳಿ ಸರಿ, ಆರಿದರೆ ಇನ್ನಷ್ಟು ಹೊತ್ತು ಬಾಯಿ ತೆರೆದು ಕಾಯಬೇಕು. ಇಂದುಶ್ರೀ ಹೀಗೆ ಒಂಬತ್ತು ಹಗೇವು ಇಳಿದಳು. ಒಂಬತ್ತರಲ್ಲೂ ಕಾಳಿನ ಮೇಲೆ ಎಣ್ಣೆಯಂಥ ತೆಳುವಾದ ಲೇಪ ಸಿಕ್ಕಿತು. ಮನೆಯ ಚೀಲದ ರಾಗಿಯಲ್ಲಿ ಅದಿಲ್ಲ. ಹಗೇವಿನ ಗೋಡೆಯ ಬೂಷ್ಟೇ ಈ ಲೇಪ ಹಚ್ಚಿ ಕಾಳನ್ನು ಕಾಯುತ್ತದೆ ಎಂದು ಅವಳು ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು ತೀರ್ಮಾನಕ್ಕೆ ಬಂದಿದ್ದಳು. ಇನ್ನೂ ಎಲ್ಲೂ ಪ್ರಕಟಿಸಿರಲಿಲ್ಲ.

“ಪ್ರಕಟಿಸಬ್ಯಾಡ! ಅದನ್ನೇ ಅರ್ಜಿ ಮಾಡು,” ಎಂದರು ಮುರಿಗೆಪ್ಪ. “ಒಂಬತ್ತು ಹಗೇವಿನ ರಾಗಿ ತಂದೀನಿ, ಇನ್ನು ಪರೀಕ್ಷೆ ಮಾಡ್ಬೇಕು ಅಂತ ಬರಿ. ಇಷ್ಟು ಚಂದದ ಮುಗಿದ ಕೆಲಸ ನಾನು ನೋಡೇ ಇಲ್ಲ.”

ಹಾಗೆಯೇ ಬರೆದಳು. ಸಂದರ್ಶನಕ್ಕೆ ವಾರ ಇದೆ ಎನ್ನುವಾಗ ಗಂಡ ಭೈರೇಶ ಕೋಚಿಂಗ್ ಸೆಂಟರಿನಿಂದ ಒಂದು ತಾಲೀಮು ಪಟ್ಟಿ ಬಾಡಿಗೆಗೆ ತಂದ. ಅದು ಕುರ್ಚಿಯ ಬಡ ತಮ್ಮ: ಹಣೆಗೆ ಕಟ್ಟಿಕೊಂಡು ಮಾತಾಡಬೇಕು, ಸುಳ್ಳೋ ಸಂಶಯವೋ ಬಂದರೆ ಸೈಕಲ್ ಬೆಲ್ಲಿನಂತೆ ಟ್ರಿಣ್ ಎನ್ನುತ್ತದೆ. ಭೈರೇಶನದು ಡ್ರೈವಿಂಗ್ ಸ್ಕೂಲು. ತಾನೇ ಮೊದಲು ಕಟ್ಟಿಕೊಂಡ.

“ನನ್ನ ಹತ್ರ ಕಲಿತವರೆಲ್ಲ ಚೆನ್ನಾಗಿ ಗಾಡಿ ಓಡಿಸ್ತಾರೆ,” ಎಂದ. ಟ್ರಿಣ್.

“ಇಂದು, ನಿನ್ನ ತಮ್ಮನ ಮದುವೆಗೆ ನಾಲ್ಕು ದಿನ ಮುಂಚೇನೇ ಬರ್ತೀನಿ.” ಟ್ರಿಣ್.

“ಹೋಗ್ಲಿ ಬಿಡು. ಅಮ್ಮ, ಇವತ್ತು ಸಾರು ಚೆನ್ನಾಗಿತ್ತು.” ಟ್ರಿಣ್ ಟ್ರಿಣ್.

ಜವರಮ್ಮ ಮಗನನ್ನು ಒಂದು ನೋಟ ನೋಡಿ, ಪಟ್ಟಿ ಕಿತ್ತುಕೊಂಡು ತಮ್ಮ ಹಣೆಗೆ ಕಟ್ಟಿಕೊಂಡರು. “ನನ್ನ ಕೈಲಿ ಇದುವರ್ಗೂ ಸಾರು ಕೆಟ್ಟಿಲ್ಲ,” ಎಂದರು. ಸದ್ದಿಲ್ಲ. “ಈ ಬೀದೀಲಿ ನನ್ನಷ್ಟು ಸಮಾಧಾನದ ಹೆಂಗ್ಸು ಇನ್ನೊಬ್ಳಿಲ್ಲ.” ಸದ್ದಿಲ್ಲ. “ಈ ಮಿಸೀನು ಮೋಸ.” ಅದಕ್ಕೂ ಸದ್ದಿಲ್ಲ. ಇಂದುಶ್ರೀ ಬೆರಗಾದಳು. ಸರ್ಕಾರ ಹುಡುಕುತ್ತಿದ್ದ ವಿಜ್ಞಾನಿ ತನ್ನ ಮನೆಯ ಅಡುಗೆಮನೆಯಲ್ಲೇ ಇದ್ದರು!

ಅವಳ ಸರದಿ ಬಂದಾಗ, “ಮೂರು ವರ್ಷದಲ್ಲಿ ಕಾಳಿನ ಮೇಲಿನ ಲೇಪ ಪತ್ತೆ ಮಾಡ್ತೀನಿ,” ಎಂದಳು. ಪಟ್ಟಿ ತೆಪ್ಪಗಿತ್ತು. ಮತ್ತೆ ಹೇಳಿದಳು. ತೆಪ್ಪಗಿತ್ತು. ಗುರುಗಳ ಅಡುಗೆ ಕೈಕೊಟ್ಟಿರಲಿಲ್ಲ. ಖುಷಿಯಾಗಬೇಕಿತ್ತು, ಯಾಕೋ ಆಗಲಿಲ್ಲ.

ಸಂದರ್ಶನದ ಕೋಣೆ ತಣ್ಣಗಿತ್ತು. ಉದ್ದ ಮೇಜಿನ ಆಚೆ ಐದು ಜನ. ನಡುವೆ ಅಧ್ಯಕ್ಷರಾದ ಡಾಕ್ಟರ್ ಶ್ರೀಕಂಠಯ್ಯ. ಅವರ ಎಡಕ್ಕೆ ಬೀಜವಿಜ್ಞಾನಿ ಡಾಕ್ಟರ್ ಮೆಹರುನ್ನಿಸಾ, ಚಿಂತಾಮಣಿ ಕಡೆಯವರು, ಬಿಳಿ ಕೂದಲು, ಸಮಿತಿಗೆ ಆ ವರ್ಷವಷ್ಟೇ ಹೊಸದಾಗಿ ಬಂದವರು. ಮೂಲೆಯಲ್ಲಿ ಕುರ್ಚಿಯ ಆಪರೇಟರ್ ಹುಡುಗಿ.

“ದಿನಾ ಒಂದ್ಸಲ ಕುರ್ಚಿ ಸರಿ ಇದೆಯಾ ಅಂತ ನೋಡ್ಬೇಕು ಸರ್, ನಿಯಮ,” ಎಂದಳು ಆಪರೇಟರ್. ಶ್ರೀಕಂಠಯ್ಯನವರು ಬಂದು ಕೂತು, ಅತ್ಯಂತ ಖಾತ್ರಿಯಾದ ಒಂದು ಮಾತು ಹೇಳಿದರು: “ನಾನು ಈ ಸಮಿತಿಯ ಅಧ್ಯಕ್ಷ.”

ಟಣ್!

ಎಲ್ಲರೂ ಗಾಬರಿಯಾದರು. ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡು, “ಅವಧಿ ವಿಸ್ತರಣೆ ಆದೇಶ ಇನ್ನೂ ಬಂದಿಲ್ಲ,” ಎಂದರು. ಹಸಿರು ಹತ್ತಿತು. ಕುರ್ಚಿ ಸರಿಯಾಗಿದೆ ಎಂದು ಪುಸ್ತಕದಲ್ಲಿ ಬರೆದುಕೊಂಡರು.

ಇಂದುಶ್ರೀ ಕೂತಳು. ದಿಂಬು ತಲೆಗೆ ಮೆತ್ತಗೆ ತಾಗಿತು. ಲೇಪ ಸಿಗುತ್ತದೆಯೇ? ಸಿಗುತ್ತದೆ. ಹಸಿರು. ಒಂಬತ್ತೂ ಹಗೇವಿನ ರಾಗಿಯಲ್ಲೂ ಸಿಗುತ್ತದೆಯೇ? ಸಿಗುತ್ತದೆ. ಹಸಿರು. ಮೂರು ವರ್ಷ ಸಾಕೇ? ಧಾರಾಳ. ಬಹಳ ಹಸಿರು. ಹೀಗೆ ಒಂಬತ್ತು ಪ್ರಶ್ನೆ ಕಳೆಯಿತು. ಶ್ರೀಕಂಠಯ್ಯನವರು ಪೆನ್ನಿನ ಮುಚ್ಚಳ ತೆಗೆದು ಸಹಿಗೆ ಸಿದ್ಧರಾದರು. ಹತ್ತನೆಯದು ಮೆಹರುನ್ನಿಸಾ ಅವರ ಪಾಲಿನದು.

“ಏನಿಲ್ಲಮ್ಮ, ಸಣ್ಣ ವಿಷಯ. ನಾನೂ ಚಿಕ್ಕವಳಿದ್ದಾಗ ಹಗೇವು ತೆಗೆಯೋದು ನೋಡಿದೀನಿ. ನಿಮ್ಮ ಕೈಗೆ ರಾಗಿ ಸಿಗೋದಕ್ಕೆ ಮೊದಲು ಆ ಗುಂಡಿಯೊಳಗೆ ಹೊರಗಿಂದ ಏನಾದ್ರೂ ಇಳಿದಿತ್ತಾ?”

“ಏನೂ ಇಲ್ಲ ಮೇಡಂ,” ಎಂದಳು ಇಂದುಶ್ರೀ.

ಟಣ್.

ಗಂಟೆ ಅವಳಿಗಿಂತ ಮೊದಲು ಅರ್ಥ ಮಾಡಿಕೊಂಡಿತ್ತು. ಅವಳ ಕಣ್ಣ ಮುಂದೆ ಹಗ್ಗ ಹಿಡಿದು ನಿಂತ ಅತ್ತೆ ಬಂದರು, ಹಗ್ಗದ ತುದಿಯಲ್ಲಿ ತೂಗಾಡುತ್ತ, ಗೋಡೆಗೆ ಬಡಿಯುತ್ತ ಇಳಿಯುವ ದೀಪ ಬಂತು.

“ದೀಪ,” ಎಂದಳು ಮೆಲ್ಲಗೆ. “ದೀಪ ಇಳಿದಿತ್ತು ಮೇಡಂ. ಗಾಳಿ ನೋಡೋಕೆ.”

“ಯಾವ ಎಣ್ಣೆ?”

“ಹರಳೆಣ್ಣೆ. ನಮ್ಮತ್ತೆ ಬೇರೆ ಎಣ್ಣೆ ಹಾಕೋಕೆ ಬಿಡಲ್ಲ. ಅದು ಅಲ್ಲಾಡ್ಕೊಂಡು ಇಳೀತಿತ್ತು, ಚೆಲ್ತಿತ್ತು. ನಾನು ಮೇಲ್ಗಡೆ ರಾಗೀನೇ ತಗೊಳ್ತಿದ್ದಿದ್ದು.” ಅವಳು ಬೆರಳು ಮಡಿಸಿ ಎಣಿಸಿದಳು. “ಒಂಬತ್ತೂ ಹಗೇವಿಗೆ ಅದೇ ದೀಪ ಮೇಡಂ. ಅದಕ್ಕೇ ಒಂಬತ್ತರಲ್ಲೂ ಅದೇ ಲೇಪ ಸಿಕ್ತು. ಅಯ್ಯೋ ದೇವ್ರೇ, ಎರಡು ವರ್ಷ ನಾನು ನಮ್ಮತ್ತೆ ದೀಪದ ಎಣ್ಣೇನ ಪರೀಕ್ಷೆ ಮಾಡಿದೀನಿ!”

ಒಬ್ಬ ಸದಸ್ಯರು ನಗು ತಡೆಯಲಾರದೆ ಕಡತದ ಹಿಂದೆ ಮುಖ ಮುಚ್ಚಿಕೊಂಡರು. ಶ್ರೀಕಂಠಯ್ಯನವರು ನಗಲಿಲ್ಲ.

“ಸಿಕ್ತು ಅಂದ್ರೇನು? ಪರೀಕ್ಷೆ ಎಲ್ಲ ಆಗಲೇ ಮಾಡಿ ಮುಗಿಸಿಬಿಟ್ಟಿದೀರಾ?”

ಆ ಕೋಣೆಯಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆ ಅದು. ಬಾಯಿ ತಪ್ಪಿ ಬಂದಿತ್ತು. ಉಳಿದ ಸದಸ್ಯರು ತಂತಮ್ಮ ನೀರಿನ ಲೋಟ ನೋಡತೊಡಗಿದರು. ಇಂದುಶ್ರೀಗೆ ಗುರುಗಳ ಮುಖ ನೆನಪಾಯಿತು, ಬೀಗದ ಕೈಯೂ ನೆನಪಾಯಿತು. ಆದರೆ ತಲೆಯ ಹಿಂದೆ ಗಂಟೆ ಇಟ್ಟುಕೊಂಡು ಹೇಳುವುದಾದರೂ ಏನು?

“ಮುಗಿಸಿದ್ದೆ ಸರ್. ಈಗ ತಾನೇ ಕೆಟ್ಟುಹೋಯ್ತು.”

ಹಸಿರು.

“ಹಾಗಿದ್ರೆ ಆ ರಾಗಿ ಮೊಳಕೆ ಒಡೆಯೋದು ಯಾಕಮ್ಮ?” ಎಂದು ಮೆಹರುನ್ನಿಸಾ ಕೇಳಿದರು.

“ಗೊತ್ತಿಲ್ಲ ಮೇಡಂ. ನನಗೆ ನಿಜವಾಗ್ಲೂ ಗೊತ್ತಿಲ್ಲ.”

ಆಪರೇಟರ್ ಹುಡುಗಿ ಎದ್ದು ನಿಂತು ಪರದೆಯನ್ನು ತಟ್ಟಿ ನೋಡಿದಳು. “ಸರ್, ಅಂತರ ಸೊನ್ನೆ! ಈ ಮಿಷಿನ್ ಬಂದಾಗಿಂದ ಇಂಥ ಹಸಿರು ನಾನು ನೋಡಿಲ್ಲ.”

“ಅದಕ್ಕೆ ಅಂಕ ಇಲ್ಲ,” ಎಂದರು ಶ್ರೀಕಂಠಯ್ಯ. “ಒಂದು ಸಲ ಗಂಟೆ ಹೊಡೆದಾಯ್ತು. ನೀವಿನ್ನು ಹೊರಡಬಹುದು.”

ಹೊರಡಬಹುದು ಎಂದರೂ ತಕ್ಷಣ ಹೊರಡುವ ಹಾಗಿರಲಿಲ್ಲ. ಬಸ್ ಚಾರ್ಜು ವಾಪಸು ಸಿಗಲು ಮೂರು ಪ್ರತಿಯಲ್ಲಿ ಫಾರಂ ತುಂಬಬೇಕಿತ್ತು. ಇಂದುಶ್ರೀ ಮೊಗಸಾಲೆಯ ಬೆಂಚಿನಲ್ಲಿ ಕೂತು, ಕಣ್ಣೀರು ಫಾರಂ ಮೇಲೆ ಬೀಳದಂತೆ ಜಾಗ್ರತೆ ಮಾಡುತ್ತ ಬರೆಯತೊಡಗಿದಳು. ಸೋತದ್ದಕ್ಕಿಂತ ಆ ಲೇಪ ಹೋಯಿತಲ್ಲ ಎಂಬುದೇ ಅವಳಿಗೆ ಹೆಚ್ಚು ದುಃಖ. ಎಷ್ಟು ಚಂದದ ಲೇಪ.

ಒಳಗೆ ಮುಂದಿನ ಅಭ್ಯರ್ಥಿ ಹೋದ. ಟಣ್. ಎರಡೇ ನಿಮಿಷಕ್ಕೆ ಹೊರಬಂದ. ಅವನ ಹಿಂದೆ ಹೋದವಳಿಗೂ ಟಣ್. ಮೂರನೆಯವನು ಹುಬ್ಬಳ್ಳಿಯವನು, ಟೈ ಸಡಿಲ ಮಾಡಿಕೊಳ್ಳುತ್ತ ಬಂದು ಬೆಂಚಿನ ಮೇಲೆ ದೊಪ್ಪನೆ ಕೂತ.

“ಏನ್ರೀ ಇದು ಅನ್ಯಾಯ! ಆ ಬಿಳೀ ಕೂದಲಿನ ಮೇಡಂ ಮೊದಲಿಗೇ ಕೇಳ್ತಾರ್ರೀ, ‘ಈ ಕೆಲಸ ನೀವು ಇನ್ನೂ ಮಾಡಿಲ್ಲ ಹೌದಲ್ಲೋ?’ ಅಂತ. ಇಲ್ರೀ ಅಂದೆ. ಹೊಡೀತು ನೋಡ್ರಿ ಗಂಟಿ! ನಾಲ್ಕು ವರ್ಷದಾಗ ಯಾರರೆ ಕೇಳಿದ್ರೇನ್ರೀ ಇದನ್ನ?”

ಇಂದುಶ್ರೀ ಮೂರನೇ ಪ್ರತಿ ಮುಗಿಸುವಷ್ಟರಲ್ಲಿ ಹನ್ನೊಂದು ಸಲ ಗಂಟೆ ಹೊಡೆಯಿತು.

ಮನೆಗೆ ಬಂದು ಎಲ್ಲ ಹೇಳಿದಳು. ಜವರಮ್ಮ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. ಬೀದಿಗೇ ಸಮಾಧಾನದ ಹೆಂಗಸಾದ ಅವರು ಆರಿಸಿಟ್ಟ ಕಲ್ಲನ್ನು ಮತ್ತೆ ಅಕ್ಕಿಗೇ ಹಾಕಿದರು.

“ಅಂಗಾರೆ ನಾನೇ ನಿನ್ನ ಕೆಲ್ಸಕ್ಕೆ ಎಣ್ಣೆ ಸುರುದ್ಬುಟ್ನಾ ಮಗ?”

“ಅತ್ತೆ, ಮೂರನೇ ಹಗೇವಲ್ಲಿ ದೀಪ ಇಳಿಬಿಟ್ಟ ತಕ್ಷಣ ಆರಿಹೋಯ್ತಲ್ಲ, ಜ್ಞಾಪಕ ಇದೆಯಾ? ನೀವಿಲ್ಲದಿದ್ರೆ ನಾನು ಅವತ್ತೇ ಒಳಗಡೆ ಉಳೀತಿದ್ದೆ. ಲೇಪ ಹೋದ್ರೆ ಹೋಗ್ಲಿ.” ಇಂದುಶ್ರೀ ಅವರ ಕೈ ಹಿಡಿದುಕೊಂಡಳು. “ನೋಡ್ಕೊಳ್ಳದೆ ಇದ್ದಿದ್ದು ನನ್ನ ತಪ್ಪು. ನಿಮ್ಮದಲ್ಲ.”

ಭೈರೇಶ ಏನಾದರೂ ಸಮಾಧಾನ ಹೇಳಬೇಕೆಂದು, “ನನ್ನ ಸ್ಕೂಲಲ್ಲೇ ಲೆಕ್ಕ ಬರೀಬಹುದು, ಆರಾಮಾಗಿರುತ್ತೆ,” ಎಂದ. ತಾಯಿ ಹೆಂಡತಿ ಇಬ್ಬರೂ ಒಟ್ಟಿಗೆ ತಿರುಗಿ ನೋಡಿದ ರೀತಿಗೆ ಗಾಡಿ ತೊಳೆಯುವ ನೆಪ ಮಾಡಿ ಹೊರಗೆ ಹೋದ.

ಮಾರ್ಚ್ ಇಪ್ಪತ್ತೆಂಟಕ್ಕೆ ಇಂದುಶ್ರೀ ಲ್ಯಾಬಿನ ಗಾಜಿನ ಸಾಮಾನು ತೊಳೆದು ಒಣಗಹಾಕುತ್ತಿದ್ದಳು. ಅಟೆಂಡರ್ ಒಂದು ಲಕೋಟೆ ತಂದುಕೊಟ್ಟ. ಬಸ್ ಚಾರ್ಜಿನದಿರಬೇಕು ಎಂದು ಒಡೆದಳು. ಆದೇಶ ಹೀಗಿತ್ತು:

“ಯುವ ಸಂಶೋಧಕ ನಿಧಿಗೆ ಪ್ರಸಕ್ತ ಸಾಲಿನಲ್ಲಿ ಸ್ವೀಕೃತವಾದ ನಾನೂರ ಹನ್ನೆರಡು ಅರ್ಜಿಗಳನ್ನು, ಈಗಾಗಲೇ ಆಯ್ಕೆಯಾಗಿದ್ದವರನ್ನೂ ಮರಳಿ ಕರೆಸಿ, ಪೀಠದಲ್ಲಿ ಪರಿಶೀಲಿಸಲಾಗಿ, ನಾನೂರ ಹನ್ನೊಂದು ಸಂಶೋಧನೆಗಳು ಈಗಾಗಲೇ ಮುಗಿದಿರುವುದು ಅಥವಾ ಅರ್ಜಿದಾರರಿಗೇ ಅವುಗಳಲ್ಲಿ ನಂಬಿಕೆ ಇಲ್ಲದಿರುವುದು ಕಂಡುಬಂದಿದೆ. ಮುಗಿದ ಕೆಲಸಕ್ಕೆ ಹಣ ನೀಡಲು ನಿಯಮದಲ್ಲಿ ಅವಕಾಶವಿಲ್ಲ. ಯಾರಿಗೂ ನೀಡದಿದ್ದಲ್ಲಿ ಅನುದಾನವು ಮಾರ್ಚ್ ಮೂವತ್ತೊಂದಕ್ಕೆ ಸರ್ಕಾರಕ್ಕೆ ಹಿಂದಿರುಗುತ್ತದೆ. ಶ್ರೀಮತಿ ಇಂದುಶ್ರೀ ಅವರ ಸಂಶೋಧನೆಯು ಸಂದರ್ಶನದ ಸಮಯದಲ್ಲಿ ಸಮಿತಿಯ ಸಮಕ್ಷಮವೇ ಕೆಟ್ಟುಹೋಗಿರುವುದರಿಂದ, ಅದು ಇನ್ನೂ ಆಗಬೇಕಾದ ಏಕೈಕ ಕೆಲಸವೆಂದು ಪರಿಗಣಿಸಿ, ಮೂರು ವರ್ಷಗಳಿಗೆ ಮಂಜೂರು ಮಾಡಿದೆ. ಹತ್ತನೇ ಪ್ರಶ್ನೆಗೆ ಹೊಡೆದ ಗಂಟೆಯನ್ನು, ಅರ್ಜಿದಾರರು ತಕ್ಷಣ ತಿದ್ದಿಕೊಂಡಿರುವ ಕಾರಣ, ಕೆಮ್ಮು ಎಂದು ದಾಖಲಿಸಲಾಗಿದೆ.”

ಅವಳು ಎರಡು ಸಲ ಓದಿದಳು. ಆಮೇಲೆ ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು ನಕ್ಕಳು, ನಗುತ್ತ ನಗುತ್ತ ಅತ್ತಳು. ತೊಳೆದಿಟ್ಟ ಸಾಮಾನನ್ನೆಲ್ಲ ಮತ್ತೆ ಮೇಜಿನ ಮೇಲೆ ಜೋಡಿಸಿದಳು. ಮೊದಲ ಕೆಲಸವಾಗಿ, ಗಾಳಿಯನ್ನು ಪರೀಕ್ಷಿಸುವ ಒಂದು ಮೀಟರಿಗೆ ಮೂರು ಅಂಗಡಿಗಳಿಂದ ಕೊಟೇಶನ್ ಕೇಳಿ ಪತ್ರ ಬರೆದಳು.

ಸಂಜೆ ಮುರಿಗೆಪ್ಪನವರ ಫೋನು ಬಂತು. ಸುದ್ದಿ ಅವರಿಗೂ ಮುಟ್ಟಿತ್ತು. ಬೈಯುತ್ತಾರೇನೋ ಎಂದು ಅವಳು ಫೋನನ್ನು ಕಿವಿಯಿಂದ ಸ್ವಲ್ಪ ದೂರವೇ ಹಿಡಿದಳು. ಅವರು ಬೈಯಲಿಲ್ಲ.

“ಇಂದುಶ್ರೀ, ಇನ್ನು ಹತ್ತನೇ ಹಗೇವು ಯಾವಾಗ ತೆಗೆಸ್ತಿಯವ್ವಾ?”

“ಮೀಟರ್ ಬಂದ ತಕ್ಷಣ ಸರ್. ಹದಿನೈದು ದಿನ ಆಗಬಹುದು.”

“ಒಳಗೆ ಏನು ಸಿಗ್ತತಿ?”

“ಗೊತ್ತಿಲ್ಲ ಸರ್.”

“ಏನೂ ಅಂದಾಜಿಲ್ಲ?”

“ಒಂಚೂರೂ ಇಲ್ಲ.”

ಆ ಕಡೆಯಿಂದ ನಿಟ್ಟುಸಿರು ಕೇಳಿತು. “ನಂಗೆ ಮೂವತ್ತು ವರ್ಷ ಆತು ನೋಡು, ಹಂಗೆ ಒಂದು ಕೆಲಸ ಶುರು ಮಾಡಿ. ಹೆಂಗಿರ್ತತಿ ಅನ್ನೋದೇ ಮರ್ತುಹೋಗೇತಿ.” ಆಮೇಲೆ ಹೊಸದಾಗಿ ಸೇರಿದ ವಿದ್ಯಾರ್ಥಿಯ ದನಿಯಲ್ಲಿ ಕೇಳಿದರು: “ನಾನೂ ಬರ್ಲೇನು? ಹಗ್ಗ ಹಿಡ್ಕಂಡು ಮೇಲೇ ನಿಂದ್ರತೀನಿ. ಏನೂ ಮಾತಾಡಂಗಿಲ್ಲ.”

“ಬನ್ನಿ ಸರ್,” ಎಂದಳು ಇಂದುಶ್ರೀ. “ಮೇಲೆ ಯಾಕೆ, ಒಳಕ್ಕೇ ಇಳಿಯಿರಂತೆ. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ.”